ಪೋಕೆಮಾನ್ ರೆಡ್ ಮತ್ತು ಬ್ಲೂ: ಮೊದಲ ಸಲ ಆಡುವವರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಪೋಕೆಮಾನ್ ಅಂದ ಕೂಡಲೇ ನಮ್ಮ ಕಡೆ ಹೆಚ್ಚಿನವರಿಗೆ ನೆನಪಾಗುವುದು ಟಿವಿ ಕಾರ್ಟೂನ್. ಆದರೆ ಮೊದಲು ಬಂದದ್ದು ಕಾರ್ಟೂನ್ ಅಲ್ಲ, ಗೇಮ್. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆಂದು ರೆಡ್ ಮತ್ತು ಗ್ರೀನ್ ಎಂಬ ಎರಡು ಕಾರ್ಟ್ರಿಡ್ಜ್‌ಗಳು ಬಿಡುಗಡೆಯಾದವು. ಕಾರ್ಟೂನ್ ಶುರುವಾದದ್ದು ಅದರ ಮರುವರ್ಷ. ಇಂಗ್ಲಿಷ್ ಆವೃತ್ತಿ ರೆಡ್ ಮತ್ತು ಬ್ಲೂ ಎಂಬ ಹೆಸರಲ್ಲಿ 1998ರಲ್ಲಿ ಅಮೆರಿಕಕ್ಕೆ ಬಂತು. ಈ ಬರಹ ಆ ಇಂಗ್ಲಿಷ್ ರೆಡ್ ಮತ್ತು ಬ್ಲೂ ಬಗ್ಗೆ. ಇದರಲ್ಲಿ ಪೋಕೆಮಾನ್ ಎಂಬ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಬೇರೆಯವರ ಪೋಕೆಮಾನ್‌ಗಳ ಜೊತೆ ಕಾದಾಡಿಸಬೇಕು.

ಈ ಗೇಮ್ ಮಾಡಿದ ಸತೋಶಿ ತಾಜಿರಿ ಚಿಕ್ಕವರಿದ್ದಾಗ ಟೋಕಿಯೊ ಹತ್ತಿರದ ಮಚಿದಾದಲ್ಲಿ ಹುಳ ಹಿಡಿಯುತ್ತಾ ಬೆಳೆದವರು. ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಸಾಕಿದ ನಮ್ಮವರಿಗೆ ಆ ಖುಷಿಯನ್ನು ವಿವರಿಸಬೇಕಾಗಿಲ್ಲ. ಊರು ಬೆಳೆದು ಗದ್ದೆ, ಕೊಳಗಳು ಮುಚ್ಚಿಹೋದ ಮೇಲೂ ಮಕ್ಕಳಿಗೆ ಆ ಖುಷಿ ಸಿಗಲಿ ಎಂಬುದು ಅವರ ಆಸೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಗೇಮ್ ಆಡುವ ಸರಿಯಾದ ರೀತಿಯೇ ಅದು. ಹುಲ್ಲಲ್ಲಿ ಸುಮ್ನೆ ಅಲೆಯಬೇಕು. ಸಿಕ್ಕಿದ್ದನ್ನು ಹಿಡಿದು ನೋಡಬೇಕು. ಎದುರು ಬಂದವರನ್ನೆಲ್ಲ ಮಾತಾಡಿಸಬೇಕು. ಮುಂದೆ ಎಲ್ಲಿಗೆ ಹೋಗಬೇಕು ಅಂತ ತೆರೆಯ ಮೇಲೆ ಬಾಣದ ಗುರುತು ಬರುವುದಿಲ್ಲ. ಊರಿನ ಜನರ ಬಾಯಲ್ಲೇ ದಾರಿ ಇದೆ.

ಹಾಗಾಗಿ ಮೊದಲ ಮೂರು ಜಿಮ್‌ವರೆಗೆ (ಜಿಮ್ ಅಂದರೆ ಊರಿನ ಅಖಾಡ, ಅದರ ನಾಯಕರನ್ನು ಗೆದ್ದರೆ ಒಂದು ಬ್ಯಾಡ್ಜ್) ನಾನು ಕೈಹಿಡಿದು ಕರೆದೊಯ್ಯುತ್ತೇನೆ. ಹೊಸಬರು ಬೇಸತ್ತು ಬಿಡುವುದು ಅಲ್ಲೇ. ಆಮೇಲೆ ಮುಖ್ಯವಾದ ತಿರುವುಗಳನ್ನಷ್ಟೇ ಹೇಳಿ ಬಿಟ್ಟುಬಿಡುತ್ತೇನೆ.

ಯಾವುದನ್ನು, ಯಾವುದರಲ್ಲಿ ಆಡುವುದು

ರೆಡ್, ಬ್ಲೂ ಎರಡರ ಕಥೆಯೂ ಒಂದೇ. ಸಿಗುವ ಪೋಕೆಮಾನ್‌ಗಳಲ್ಲಿ ಕೆಲವು ಮಾತ್ರ ಬೇರೆ. ಆಡಿಶ್, ಮ್ಯಾಂಕಿ, ಗ್ರೌಲಿತ್ ರೆಡ್‌ನಲ್ಲಿ ಮಾತ್ರ ಸಿಗುತ್ತವೆ. ಬೆಲ್‌ಸ್ಪ್ರೌಟ್, ಮಿಯೌತ್, ವಲ್ಪಿಕ್ಸ್ ಬ್ಲೂನಲ್ಲಿ ಮಾತ್ರ. ಇಬ್ಬರು ಗೆಳೆಯರು ಕೇಬಲ್ ಜೋಡಿಸಿ ಬದಲಾಯಿಸಿಕೊಳ್ಳಲಿ ಅಂತಲೇ ಹೀಗೆ ಮಾಡಿದ್ದಾರೆ. ಯಾವುದನ್ನು ತೆಗೆದುಕೊಂಡರೂ ನಷ್ಟವಿಲ್ಲ.

ಹಳೆಯ ಕಾರ್ಟ್ರಿಡ್ಜ್ ಗೇಮ್ ಬಾಯ್, ಗೇಮ್ ಬಾಯ್ ಕಲರ್, ಗೇಮ್ ಬಾಯ್ ಅಡ್ವಾನ್ಸ್ ಮೂರರಲ್ಲೂ ನಡೆಯುತ್ತದೆ. ಅಡ್ವಾನ್ಸ್ ಎಸ್‌ಪಿ ಸಿಕ್ಕರೆ ಒಳ್ಳೆಯದು, ಅದರ ತೆರೆಗೆ ಬೆಳಕಿದೆ. ಮೊದಲ ಗೇಮ್ ಬಾಯ್‌ಗೆ ಅದೂ ಇರಲಿಲ್ಲ. ಡಿಎಸ್‌ನಲ್ಲಿ ಈ ಕಾರ್ಟ್ರಿಡ್ಜ್ ಹಿಡಿಸುವುದಿಲ್ಲ. ನಿಂಟೆಂಡೊ 3ಡಿಎಸ್‌ಗೆ 2016ರಲ್ಲಿ ಡೌನ್‌ಲೋಡ್ ಆವೃತ್ತಿ ಬಂದಿತ್ತು. ಆ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಮೊದಲೇ ಕೊಂಡವರ ಹತ್ತಿರ ಮಾತ್ರ ಅದು ಇದೆ.

ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ ಕೊಳ್ಳುವಾಗ ಒಂದು ಎಚ್ಚರಿಕೆ. ನೀವು ಆಡಿದ್ದನ್ನು ನೆನಪಿಟ್ಟುಕೊಳ್ಳಲು ಅದರೊಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಇಷ್ಟು ವರ್ಷಗಳಲ್ಲಿ ಅದು ಸತ್ತಿರಬಹುದು. ಆಗ ಗೇಮ್ ಓಡುತ್ತದೆ, ಆದರೆ ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ, ಹಾಗಾಗಿ ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವವರ ಕೈಯಲ್ಲೇ ಬದಲಾಯಿಸಿಸಿ. ನಕಲಿ ಕಾರ್ಟ್ರಿಡ್ಜ್‌ಗಳೂ ಬಹಳ ಇವೆ, ಅವುಗಳಲ್ಲೂ ಸೇವ್ ಕೈಕೊಡುತ್ತದೆ. ಕೊಂಡ ದಿನವೇ ಸ್ವಲ್ಪ ಆಡಿ, ಸೇವ್ ಮಾಡಿ, ಆಫ್ ಮಾಡಿ. ಮಾರನೇ ದಿನ ಆನ್ ಮಾಡಿ ನೋಡಿ.

ಹಳೆಯ ಕಪ್ಪುಬಿಳುಪು ತೆರೆ, ನಿಧಾನ ನಡಿಗೆ ನಿಮಗೆ ಒಗ್ಗುವುದಿಲ್ಲ ಅನಿಸಿದರೆ 2004ರಲ್ಲಿ ಬಂದ ಫೈರ್‌ರೆಡ್ ಅಥವಾ ಲೀಫ್‌ಗ್ರೀನ್ ಆಡಿ. ಅದೇ ಊರು, ಅದೇ ಕಥೆ. ಬಣ್ಣ ಇದೆ, ಓಡುವ ಶೂ ಇದೆ, ಮಧ್ಯೆ ಸಹಾಯದ ಪುಟಗಳಿವೆ. ನನ್ನ ಮನಸ್ಸು ಮಾತ್ರ ಹಳೆಯದರ ಕಡೆಗೇ. ಅದರಲ್ಲಿ ಪ್ರತಿಯೊಂದನ್ನೂ ನೀವೇ ಕಂಡುಹಿಡಿಯಬೇಕು, ಆ ಖುಷಿ ದೊಡ್ಡದು.

ಬಟನ್ ಮತ್ತು ಮೊದಲ ಸೆಟ್ಟಿಂಗ್

ನಾಲ್ಕು ದಿಕ್ಕಿನ ಬಟನ್‌ನಿಂದ ನಡೆಯುವುದು. ಎ ಒತ್ತಿದರೆ ಮಾತಾಡುವುದು, ಎತ್ತಿಕೊಳ್ಳುವುದು, ಹೂಂ ಅನ್ನುವುದು. ಬಿ ಒತ್ತಿದರೆ ಹಿಂದಕ್ಕೆ. ಸ್ಟಾರ್ಟ್ ಒತ್ತಿದರೆ ಮೆನು. ಇಷ್ಟೇ.

ಶುರುವಾದ ತಕ್ಷಣ ಮೆನುವಿನ ಆಪ್ಷನ್‌ಗೆ ಹೋಗಿ ಅಕ್ಷರ ಬರುವ ವೇಗವನ್ನು ಫಾಸ್ಟ್ ಮಾಡಿ. ಈ ಗೇಮ್‌ನಲ್ಲಿ ಓದುವುದು ಜಾಸ್ತಿ, ಇದರಿಂದ ಎಷ್ಟೋ ಹೊತ್ತು ಉಳಿಯುತ್ತದೆ.

ಸೇವ್ ಮೆನುವಿನಲ್ಲೇ ಇದೆ. ತಾನಾಗಿ ಸೇವ್ ಆಗುವುದಿಲ್ಲ, ಜಾಗವೂ ಒಂದೇ. ಹೊಸ ಊರು ಸೇರಿದಾಗ, ಜಿಮ್ ಬಾಗಿಲಲ್ಲಿ, ಅಪರೂಪದ ಪೋಕೆಮಾನ್ ಎದುರು ನಿಂತಾಗ ಸೇವ್ ಮಾಡಿ. ಸೇವ್ ಆಗುತ್ತಿರುವಾಗ ಮಾತ್ರ ಆಫ್ ಮಾಡಬೇಡಿ.

ಹಂತ 1: ಪ್ಯಾಲೆಟ್ ಟೌನ್‌ನಲ್ಲಿ ಆಯ್ಕೆ

ನಿಮಗೊಂದು ಹೆಸರು, ನಿಮ್ಮ ಎದುರಾಳಿ ಹುಡುಗನಿಗೊಂದು ಹೆಸರು ಇಡಿ. ಆಟ ಶುರುವಾಗುವುದು ನಿಮ್ಮ ಕೋಣೆಯಲ್ಲಿ. ಅಲ್ಲಿರುವ ಕಂಪ್ಯೂಟರ್ ಮುಂದೆ ನಿಂತು ಎ ಒತ್ತಿ. ಒಳಗೊಂದು ಪೋಶನ್ ಇದೆ, ಅಂದರೆ ಪೆಟ್ಟಾದ ಪೋಕೆಮಾನ್‌ಗೆ ಹಾಕುವ ಔಷಧಿ. ಅದನ್ನು ತೆಗೆದುಕೊಳ್ಳಿ. ಎಷ್ಟೋ ಜನ ಇದನ್ನು ನೋಡದೆ ಹೊರಟುಬಿಡುತ್ತಾರೆ.

ಊರಿನ ಉತ್ತರಕ್ಕೆ ಎತ್ತರದ ಹುಲ್ಲಿನ ಕಡೆ ನಡೆಯಿರಿ. ಪ್ರೊಫೆಸರ್ ಓಕ್ ಓಡಿ ಬಂದು ತಡೆದು ತಮ್ಮ ಲ್ಯಾಬ್‌ಗೆ ಕರೆದೊಯ್ಯುತ್ತಾರೆ. ಮೇಜಿನ ಮೇಲೆ ಮೂರು ಚೆಂಡು. ಒಂದರಲ್ಲಿ ಹುಲ್ಲಿನ ಬಲ್ಬಸಾರ್, ಒಂದರಲ್ಲಿ ಬೆಂಕಿಯ ಚಾರ್ಮ್ಯಾಂಡರ್, ಇನ್ನೊಂದರಲ್ಲಿ ನೀರಿನ ಸ್ಕ್ವರ್ಟಲ್.

ಮೊದಲ ಸಲ ಆಡುವವರು ಬಲ್ಬಸಾರ್ ತೆಗೆದುಕೊಂಡರೆ ದಾರಿ ಸಲೀಸು. ಮೊದಲ ಜಿಮ್ ಕಲ್ಲಿನದು, ಎರಡನೆಯದು ನೀರಿನದು. ಎರಡನ್ನೂ ಹುಲ್ಲು ಹೊಡೆದುಹಾಕುತ್ತದೆ. ಮೂರನೆಯದು ವಿದ್ಯುತ್ತಿನ ಜಿಮ್, ಅದರ ಪೆಟ್ಟು ಹುಲ್ಲಿಗೆ ಅರ್ಧವಷ್ಟೇ ತಾಗುತ್ತದೆ. ಸ್ಕ್ವರ್ಟಲ್ ಮಧ್ಯಮ. ಚಾರ್ಮ್ಯಾಂಡರ್‌ಗೆ ಮೊದಲೆರಡು ಜಿಮ್ ಕಷ್ಟ. ಆದರೂ ಬೆಂಕಿ ಬಾಲದ ಆ ಮರಿಯೇ ನಿಮಗೆ ಇಷ್ಟ ಅಂತಾದರೆ ಅದನ್ನೇ ತೆಗೆದುಕೊಳ್ಳಿ. ಗೇಮ್ ಮುಗಿಯುವವರೆಗೆ ಜೊತೆಗಿರುವುದು ಅದು. ಇಷ್ಟವಾದದ್ದಕ್ಕೆ ಪಡುವ ಕಷ್ಟ ಭಾರ ಅನಿಸುವುದಿಲ್ಲ. ಕಷ್ಟವನ್ನು ದಾಟುವ ಉಪಾಯವನ್ನೂ ಕೆಳಗೆ ಹೇಳಿದ್ದೇನೆ.

ನೀವು ಯಾವುದನ್ನು ಆರಿಸಿದರೂ ಎದುರಾಳಿ ಅದನ್ನು ಸೋಲಿಸುವ ಜಾತಿಯನ್ನೇ ಆರಿಸಿ ಅಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಹೆದರಬೇಡಿ. ಈಗ ಯಾರಿಗೂ ಬೆಂಕಿ, ನೀರಿನ ವಿದ್ಯೆ ಬಂದಿಲ್ಲ, ಬರೀ ಗುದ್ದಾಟ. ಟ್ಯಾಕಲ್ ಅಥವಾ ಸ್ಕ್ರ್ಯಾಚ್ ಅನ್ನೇ ಒತ್ತುತ್ತಾ ಹೋಗಿ. ಈ ಒಂದು ಬ್ಯಾಟಲ್ ಸೋತರೂ ನಷ್ಟವಿಲ್ಲ. ಮುಂದೆ ಸೋತರೆ ಮಾತ್ರ ಕೈಯಲ್ಲಿರುವ ಹಣದಲ್ಲಿ ಅರ್ಧ ಹೋಗುತ್ತದೆ.

ಹಂತ 2: ಪಾರ್ಸೆಲ್ ತಲುಪಿಸಿ, ಚೆಂಡು ಕೊಳ್ಳಿ

ರೂಟ್ 1 ದಾಟಿ ವಿರಿಡಿಯನ್ ಸಿಟಿಗೆ ಹೋಗಿ. ದಾರಿಯಲ್ಲಿ ಅಂಗಡಿಯವನೊಬ್ಬ ನಿಂತಿದ್ದಾನೆ. ಮಾತಾಡಿಸಿದರೆ ಸ್ಯಾಂಪಲ್ ಅಂತ ಒಂದು ಪೋಶನ್ ಪುಕ್ಕಟೆ ಕೊಡುತ್ತಾನೆ. ಮಾತಾಡಿಸದೆ ಮುಂದೆ ಹೋದರೆ ಇಲ್ಲ. ಇಡೀ ಗೇಮ್ ಹೀಗೇ.

ವಿರಿಡಿಯನ್‌ನಲ್ಲಿ ಪೋಕೆಮಾನ್ ಸೆಂಟರ್ ಇದೆ. ಕೌಂಟರ್‌ನಲ್ಲಿ ಮಾತಾಡಿಸಿದರೆ ಎಲ್ಲ ಪೋಕೆಮಾನ್‌ಗಳನ್ನೂ ಪೂರ್ತಿ ವಾಸಿ ಮಾಡಿಕೊಡುತ್ತಾರೆ, ದುಡ್ಡಿಲ್ಲ. ಎಷ್ಟು ಸಲ ಬೇಕಾದರೂ ಹೋಗಬಹುದು. ಸೋತರೆ ನೀವು ಎಚ್ಚರಗೊಳ್ಳುವುದೂ ಕೊನೆಯದಾಗಿ ವಾಸಿ ಮಾಡಿಸಿಕೊಂಡ ಸೆಂಟರ್‌ನಲ್ಲೇ. ಆದ್ದರಿಂದ ಹೊಸ ಊರಿಗೆ ಕಾಲಿಟ್ಟ ಕೂಡಲೇ ಮೊದಲ ಕೆಲಸ ಸೆಂಟರ್‌ಗೆ ಹೋಗುವುದು.

ಅಲ್ಲಿನ ಅಂಗಡಿಗೆ ಹೋದರೆ ಓಕ್ ಅವರಿಗೊಂದು ಪಾರ್ಸೆಲ್ ಕೊಡುತ್ತಾರೆ. ವಾಪಸ್ ಪ್ಯಾಲೆಟ್ ಟೌನ್‌ಗೆ ಹೋಗಿ ತಲುಪಿಸಿ. ಆಗ ಪೋಕೆಡೆಕ್ಸ್ ಸಿಗುತ್ತದೆ, ಅಂದರೆ ಕಂಡ, ಹಿಡಿದ ಪೋಕೆಮಾನ್‌ಗಳ ವಿವರ ದಾಖಲಿಸುವ ಯಂತ್ರ. ಪಕ್ಕದಲ್ಲೇ ಎದುರಾಳಿಯ ಮನೆ. ಒಳಗೆ ಅವನ ಅಕ್ಕ ಇದ್ದಾಳೆ, ಮಾತಾಡಿಸಿ ಊರಿನ ನಕ್ಷೆ ತೆಗೆದುಕೊಳ್ಳಿ. ಮತ್ತೆ ವಿರಿಡಿಯನ್ ಅಂಗಡಿಗೆ ಬಂದರೆ ಈಗ ಪೋಕೆಮಾನ್ ಹಿಡಿಯುವ ಚೆಂಡು, ಅಂದರೆ ಪೋಕೆ ಬಾಲ್ ಮಾರುತ್ತಾರೆ, ಒಂದಕ್ಕೆ 200. ಶುರುವಿಗೆ ನಿಮ್ಮ ಹತ್ತಿರ 3000 ಇರುತ್ತದೆ. ಏಳೆಂಟು ಬಾಲ್ ಕೊಳ್ಳಿ. ವಿಷಕ್ಕೆ ಹಾಕುವ ಆಂಟಿಡೋಟ್ ಎರಡು ಕೊಳ್ಳಿ, ಒಂದಕ್ಕೆ 100.

ಹಿಡಿಯುವುದು ಹೇಗೆ

ಎತ್ತರದ ಹುಲ್ಲಲ್ಲಿ ನಡೆಯುವಾಗ ತೆರೆ ಮಿನುಗಿ ಕಾಡು ಪೋಕೆಮಾನ್ ಎದುರಾಗುತ್ತದೆ. ನೇರವಾಗಿ ಬಾಲ್ ಎಸೆದರೆ ಹೆಚ್ಚಿನ ಸಲ ಒಡೆದು ಹೊರಬರುತ್ತದೆ. ಮೊದಲು ಅದರ ಶಕ್ತಿಯ ಪಟ್ಟಿಯನ್ನು ಕಾಲು ಭಾಗಕ್ಕೆ ಇಳಿಸಬೇಕು. ಆದರೆ ಪೂರ್ತಿ ಇಳಿದರೆ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಹಿಡಿಯಲಾಗುವುದಿಲ್ಲ. ಕೊನೆಯ ಪೆಟ್ಟು ಜೋರಾಗಬಹುದು ಅನಿಸಿದರೆ ನಿಮ್ಮ ಪೋಕೆಮಾನ್ ಬದಲಾಯಿಸಿ, ಬಲ ಕಡಿಮೆಯಿರುವುದರಿಂದ ಹೊಡೆಸಿ. ನಿದ್ದೆ ಬರಿಸುವ ವಿದ್ಯೆ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮಲಗಿದ್ದು ಸುಲಭವಾಗಿ ಸಿಗುತ್ತದೆ. ಮರಗಟ್ಟಿಸುವ ವಿದ್ಯೆಯೂ ಉಪಯೋಗಕ್ಕೆ ಬರುತ್ತದೆ. ಬಾಲ್ ಅಲುಗಾಡುವಾಗ ಬಟನ್ ಒತ್ತಿ ಹಿಡಿದರೆ ಸಿಗುತ್ತದೆ ಅಂತ ಮಕ್ಕಳು ಜಗತ್ತಿನ ತುಂಬಾ ನಂಬಿದ್ದರು. ಅದರಿಂದ ಏನೂ ಆಗುವುದಿಲ್ಲ. ಒತ್ತಿದರೆ ತಪ್ಪೂ ಇಲ್ಲ.

ಜೊತೆಯಲ್ಲಿ ಆರು ಪೋಕೆಮಾನ್ ಇಟ್ಟುಕೊಳ್ಳಬಹುದು. ಏಳನೆಯದು ತಾನಾಗಿ ಕಂಪ್ಯೂಟರಿನ ಬಾಕ್ಸ್‌ಗೆ ಹೋಗುತ್ತದೆ. ಒಂದು ಬಾಕ್ಸ್‌ಗೆ 20 ಮಾತ್ರ. ಅದು ತುಂಬಿದರೆ ಮುಂದಿನ ಬಾಕ್ಸ್ ತಾನಾಗಿ ತೆರೆಯುವುದಿಲ್ಲ. ನೀವೇ ಸೆಂಟರ್‌ನ ಕಂಪ್ಯೂಟರ್‌ಗೆ ಹೋಗಿ ಬದಲಾಯಿಸಬೇಕು. ಮರೆತರೆ ಅಪರೂಪದ್ದು ಎದುರು ನಿಂತಾಗ ಬಾಲ್ ಎಸೆಯಲು ಬಿಡುವುದೇ ಇಲ್ಲ. ನಿಮ್ಮ ಚೀಲಕ್ಕೂ ಮಿತಿಯಿದೆ, 20 ಬಗೆಯ ಸಾಮಾನು ಅಷ್ಟೇ. ಬೇಡದ್ದನ್ನು ಕಂಪ್ಯೂಟರ್‌ನಲ್ಲಿ ಇಡುವ ಅಭ್ಯಾಸ ಮಾಡಿಕೊಳ್ಳಿ.

ಯಾವುದಕ್ಕೆ ಯಾವುದು ಮದ್ದು

ಈ ಗೇಮ್‌ನ ಜೀವ ಇರುವುದು ಇಲ್ಲಿ. ಪ್ರತಿ ಪೋಕೆಮಾನ್‌ಗೂ ಒಂದೋ ಎರಡೋ ಜಾತಿ ಇರುತ್ತದೆ. ಅವುಗಳ ವಿದ್ಯೆಗಳಿಗೂ ಜಾತಿ ಇದೆ. ಒಟ್ಟು 15 ಜಾತಿ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ. ಸರಿಯಾದದ್ದು ತಾಗಿದರೆ ಪೆಟ್ಟು ಎರಡು ಪಟ್ಟು. ಎದುರಿನದಕ್ಕೆ ಎರಡು ಜಾತಿ ಇದ್ದು ಎರಡಕ್ಕೂ ಅದೇ ಮದ್ದಾದರೆ ನಾಲ್ಕು ಪಟ್ಟು. ಕಲ್ಲು ಮತ್ತು ಮಣ್ಣು ಎರಡೂ ಸೇರಿದ ಒನಿಕ್ಸ್ ಮೇಲೆ ನೀರು ಬಿದ್ದರೆ ಆಗುವುದು ಅದೇ.

ತಾಗದೇ ಇರುವುದೂ ಇದೆ. ಮಣ್ಣಿನ ಜಾತಿಗೆ ವಿದ್ಯುತ್ ತಾಗುವುದೇ ಇಲ್ಲ. ದೆವ್ವದ ಜಾತಿಗೆ ಸಾಮಾನ್ಯ ಗುದ್ದು ತಾಗುವುದಿಲ್ಲ. ಇನ್ನೊಂದು ಮಾತು. ಪೋಕೆಮಾನ್ ತನ್ನದೇ ಜಾತಿಯ ವಿದ್ಯೆ ಬಳಸಿದರೆ ಪೆಟ್ಟು ಒಂದೂವರೆ ಪಟ್ಟು ಆಗುತ್ತದೆ. ನೀರಿನ ಪೋಕೆಮಾನ್‌ಗೆ ನೀರಿನ ವಿದ್ಯೆಯನ್ನೇ ಕಲಿಸಿ ಅನ್ನುವುದು ಅದಕ್ಕೇ.

ಈ ಮೊದಲ ತಲೆಮಾರಿನಲ್ಲಿ ಸೈಕಿಕ್, ಅಂದರೆ ಮನೋಬಲದ ಜಾತಿಗೆ ವಿಪರೀತ ಶಕ್ತಿ. ದೆವ್ವದ ವಿದ್ಯೆ ಅದಕ್ಕೆ ಮದ್ದು ಅಂತ ಗೇಮ್ ಒಳಗೇ ಜನ ಹೇಳುತ್ತಾರೆ. ಆದರೆ ಪ್ರೋಗ್ರಾಮ್‌ನಲ್ಲಿ ಆದ ತಪ್ಪಿನಿಂದ ಅದು ತಾಗುವುದೇ ಇಲ್ಲ. ಉಳಿದದ್ದು ಹುಳದ ಜಾತಿ, ಅದರ ವಿದ್ಯೆಗಳು ದುರ್ಬಲ. ಅಂದಮೇಲೆ ಮನೋಬಲದ್ದೊಂದನ್ನು ನಿಮ್ಮ ತಂಡದಲ್ಲಿ ಇಟ್ಟುಕೊಳ್ಳುವುದೇ ಜಾಣತನ, ಅಲ್ವಾ? ಎಲ್ಲಿ ಸಿಗುತ್ತದೆ ಅಂತ ಮುಂದೆ ಬರುತ್ತದೆ.

ಹಂತ 3: ಕಾಡು ಮತ್ತು ಬ್ರಾಕ್

ಹೊರಡುವ ಮೊದಲು ವಿರಿಡಿಯನ್‌ನ ಪಶ್ಚಿಮಕ್ಕೆ ರೂಟ್ 22ರಲ್ಲಿ ಸ್ವಲ್ಪ ಅಲೆಯಿರಿ. ಅಲ್ಲಿ ಸಿಗುವ ನಿಡೊರಾನ್ ಹಿಡಿಯಿರಿ. ಲೆವೆಲ್ 16ಕ್ಕೆ ಅದು ರೂಪ ಬದಲಾಯಿಸುತ್ತದೆ. ಆಮೇಲೆ ಮೂನ್ ಸ್ಟೋನ್ ಕೊಟ್ಟರೆ ನಿಡೊಕಿಂಗ್ ಅಥವಾ ನಿಡೊಕ್ವೀನ್ ಆಗಿ ಕೊನೆಯವರೆಗೂ ಜೊತೆಗೆ ನಿಲ್ಲುತ್ತದೆ. ಎಚ್ಚರ, ಅದೇ ದಾರಿಯಲ್ಲಿ ಎದುರಾಳಿ ಹುಡುಗ ಕಾದಿರುತ್ತಾನೆ.

ಉತ್ತರಕ್ಕೆ ವಿರಿಡಿಯನ್ ಕಾಡು. ಬಲೆ ಹಿಡಿದ ಹುಡುಗರು ಅಡ್ಡ ಹಾಕುತ್ತಾರೆ. ಯಾರ ಕಣ್ಣಿಗಾದರೂ ಬಿದ್ದರೆ ಬ್ಯಾಟಲ್ ಆಡಲೇಬೇಕು, ತಪ್ಪಿಸಿಕೊಳ್ಳಲಾಗದು. ಇಲ್ಲಿ ವೀಡಲ್ ಕುಟುಕಿದರೆ ವಿಷ ಏರುತ್ತದೆ. ಬ್ಯಾಟಲ್ ಮುಗಿದ ಮೇಲೂ ನಾಲ್ಕು ಹೆಜ್ಜೆಗೊಮ್ಮೆ ಶಕ್ತಿ ಇಳಿಯುತ್ತಲೇ ಇರುತ್ತದೆ. ಕೊಂಡ ಆಂಟಿಡೋಟ್ ಈಗ ಬೇಕಾಗುತ್ತದೆ. ಪಿಕಾಚು ಇರುವುದೂ ಇಲ್ಲೇ, ಆದರೆ ಅಪರೂಪ. ತಾಳ್ಮೆ ಇದ್ದರೆ ಹುಡುಕಿ.

ಚಾರ್ಮ್ಯಾಂಡರ್ ಆರಿಸಿದವರಿಗೆ ಹೇಳಿದ ಉಪಾಯ ಇದು. ಈ ಕಾಡಲ್ಲಿ ಕ್ಯಾಟರ್ಪಿ ಎಂಬ ಹಸಿರು ಕಂಬಳಿಹುಳ ಹಿಡಿಯಿರಿ. ಲೆವೆಲ್ 7ಕ್ಕೆ ಗೂಡು ಕಟ್ಟುತ್ತದೆ, 10ಕ್ಕೆ ಬಟರ್‌ಫ್ರೀ ಎಂಬ ಚಿಟ್ಟೆ ಆಗುತ್ತದೆ, 12ಕ್ಕೆ ಕನ್‌ಫ್ಯೂಷನ್ ಎಂಬ ಮನೋಬಲದ ವಿದ್ಯೆ ಕಲಿಯುತ್ತದೆ. ಕಲ್ಲಿನ ಪೋಕೆಮಾನ್‌ಗಳ ಮೈ ಗುದ್ದಿಗೆ ಗಟ್ಟಿ, ಇಂಥ ವಿದ್ಯೆಗೆ ಮೆತ್ತಗೆ. ಚಾರ್ಮ್ಯಾಂಡರ್ ಲೆವೆಲ್ 9ಕ್ಕೆ ಕಲಿಯುವ ಎಂಬರ್ ಕೂಡ ಇದೇ ಕಾರಣಕ್ಕೆ ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಾಟುತ್ತದೆ. ಚಿಟ್ಟೆಯನ್ನು ಆಮೇಲೂ ಬಿಡಬೇಡಿ. ನಿದ್ದೆಪುಡಿಯ ವಿದ್ಯೆ ಲೆವೆಲ್ 17ಕ್ಕೆ ಬರುತ್ತದೆ, ಹಿಡಿಯುವ ಕೆಲಸಕ್ಕೆ ಅದು ಬೇಕೇ ಬೇಕು.

ಎಳೆಯದನ್ನು ಬೆಳೆಸುವ ರೀತಿ ಹೀಗೆ. ತಂಡದಲ್ಲಿ ಅದನ್ನು ಮೊದಲನೆಯ ಜಾಗಕ್ಕೆ ತನ್ನಿ. ಬ್ಯಾಟಲ್ ಶುರುವಾದ ಕೂಡಲೇ ಬಲವಾದದ್ದಕ್ಕೆ ಬದಲಾಯಿಸಿ, ಅದು ಗೆಲ್ಲಲಿ. ಇಬ್ಬರೂ ಕಣಕ್ಕೆ ಇಳಿದಿದ್ದರಿಂದ ಅನುಭವದ ಅಂಕ ಇಬ್ಬರಿಗೂ ಹಂಚಿಹೋಗುತ್ತದೆ.

ಪ್ಯೂಟರ್ ಸಿಟಿಯ ಜಿಮ್‌ನಲ್ಲಿ ಬ್ರಾಕ್ ಹತ್ತಿರ ಎರಡೇ ಪೋಕೆಮಾನ್. ಲೆವೆಲ್ 12ರ ಜಿಯೊಡ್ಯೂಡ್, 14ರ ಒನಿಕ್ಸ್. ಸ್ಕ್ವರ್ಟಲ್‌ಗೆ ಲೆವೆಲ್ 8ಕ್ಕೆ ಬಬಲ್ ಬರುತ್ತದೆ, ಆಗಲೇ ಹೋಗಬಹುದು. ಬಲ್ಬಸಾರ್‌ಗೆ ವೈನ್ ವಿಪ್ ಬರುವುದು 13ಕ್ಕೆ, ಅಲ್ಲಿಯವರೆಗೆ ಕಾಡಲ್ಲಿ ಬೆಳೆಸಿ. ಒನಿಕ್ಸ್ ಬೈಡ್ ಅನ್ನುವ ವಿದ್ಯೆ ಹಾಕಿ ಸುಮ್ಮನೆ ಕೂತರೆ ಎಚ್ಚರ. ಆ ಹೊತ್ತಿನಲ್ಲಿ ತಿಂದ ಪೆಟ್ಟನ್ನೆಲ್ಲ ಎರಡು ಪಟ್ಟು ಮಾಡಿ ವಾಪಸ್ ಕೊಡುತ್ತದೆ. ಒಂದೇ ಏಟಿಗೆ ಕೆಡವಬಲ್ಲಿರಾದರೆ ಹೊಡೆಯಿರಿ, ಇಲ್ಲವಾದರೆ ಪೋಶನ್ ಹಾಕುತ್ತಾ ಅದು ಮುಗಿಯಲು ಬಿಡಿ.

ಹೆಚ್ಚಿನ ಜಿಮ್‌ಗಳ ಬಾಗಿಲ ಹತ್ತಿರ ಒಬ್ಬ ನಿಂತಿರುತ್ತಾನೆ. ಒಳಗಿರುವುದು ಯಾವ ಜಾತಿ ಅಂತ ಅವನು ಹೇಳುತ್ತಾನೆ.

ಹಂತ 4: ಮೌಂಟ್ ಮೂನ್ ಮತ್ತು ಮಿಸ್ಟಿ

ಪೂರ್ವಕ್ಕೆ ರೂಟ್ 3ರ ಉದ್ದಕ್ಕೂ ಬ್ಯಾಟಲ್. ಗೆದ್ದ ಹಣ ಪೋಶನ್‌ಗೆ ಇಡಿ. ಗುಹೆಯ ಬಾಯಲ್ಲಿರುವ ಸೆಂಟರ್‌ನಲ್ಲಿ ಒಬ್ಬ 500ಕ್ಕೆ ಮ್ಯಾಜಿಕಾರ್ಪ್ ಎಂಬ ಮೀನು ಮಾರುತ್ತಾನೆ. ಶುರುವಿಗೆ ಅದಕ್ಕೆ ಬರುವುದು ನೆಗೆಯುವುದೊಂದೇ, ಅದರಿಂದ ಯಾರಿಗೂ ಪೆಟ್ಟಾಗದು. ಎಲ್ಲರೂ ನಗುತ್ತಾರೆ. ನಾನು ಹೇಳುತ್ತೇನೆ, ಕೊಳ್ಳಿ. ಮೇಲೆ ಹೇಳಿದ ಹಾಗೆ ಬದಲಾಯಿಸುತ್ತಾ ಬೆಳೆಸಿದರೆ ಲೆವೆಲ್ 20ಕ್ಕೆ ಗ್ಯಾರಡಾಸ್ ಆಗುತ್ತದೆ. ಇಡೀ ಗೇಮ್‌ನಲ್ಲಿ ಕಷ್ಟಕ್ಕೆ ಇಷ್ಟು ಚೆನ್ನಾಗಿ ಫಲ ಕೊಡುವುದು ಬೇರೆ ಇಲ್ಲ.

ಗುಹೆಯೊಳಗೆ ಝೂಬ್ಯಾಟ್ ಬಾವಲಿಗಳ ಕಾಟ. ದಾರಿ ಅಡ್ಡಾದಿಡ್ಡಿ. ಪ್ಯೂಟರ್‌ನಲ್ಲೇ ಒಂದು ಎಸ್ಕೇಪ್ ರೋಪ್ ಕೊಂಡಿದ್ದರೆ ಸುಸ್ತಾದಾಗ ಒಂದೇ ಸಲಕ್ಕೆ ಹೊರಗೆ ಬರಬಹುದು. ಮೂನ್ ಸ್ಟೋನ್ ಸಿಗುವುದು ಇಲ್ಲೇ, ನಿಡೊರಾನ್‌ಗೆ ಎತ್ತಿಡಿ. ಕೊನೆಯಲ್ಲಿ ಎರಡು ಪಳೆಯುಳಿಕೆಗಳಲ್ಲಿ ಒಂದನ್ನು ಆರಿಸಬೇಕು. ತುಂಬಾ ಮುಂದೆ ಸಿನ್ನಬಾರ್ ದ್ವೀಪದ ಲ್ಯಾಬ್‌ನಲ್ಲಿ ಅದಕ್ಕೆ ಜೀವ ಬರಿಸುತ್ತಾರೆ. ಡೋಮ್ ತೆಗೆದರೆ ಕಬುಟೊ, ಹೀಲಿಕ್ಸ್ ತೆಗೆದರೆ ಓಮನೈಟ್. ಎರಡೂ ಚೆನ್ನಾಗಿವೆ.

ಹೊರಗೆ ಬಂದರೆ ಸೆರುಲಿಯನ್ ಸಿಟಿ. ಜಿಮ್‌ಗೆ ಈಗಲೇ ನುಗ್ಗಬೇಡಿ. ಮಿಸ್ಟಿಯ ಲೆವೆಲ್ 21ರ ಸ್ಟಾರ್ಮಿ ಚುರುಕಾಗಿದೆ. ಅದರ ಬಬಲ್‌ಬೀಮ್ ತಂಡವನ್ನೇ ಮಲಗಿಸುತ್ತದೆ. ಮೊದಲು ಉತ್ತರದ ಸೇತುವೆಗೆ ಹೋಗಿ. ಎದುರಾಳಿಯನ್ನೂ ಆಮೇಲೆ ಸಾಲಾಗಿ ನಿಂತ ಐವರನ್ನೂ ಗೆದ್ದರೆ ನಗೆಟ್ ಎಂಬ ಬಂಗಾರದ ಗಟ್ಟಿ ಸಿಗುತ್ತದೆ. ಅಂಗಡಿಯಲ್ಲಿ ಮಾರಿದರೆ 5000. ಸೇತುವೆ ಆಚೆಯ ಹುಲ್ಲಲ್ಲಿ ರೆಡ್‌ನವರಿಗೆ ಆಡಿಶ್, ಬ್ಲೂನವರಿಗೆ ಬೆಲ್‌ಸ್ಪ್ರೌಟ್ ಸಿಗುತ್ತವೆ. ಬಲ್ಬಸಾರ್ ಇಲ್ಲದವರಿಗೆ ಮಿಸ್ಟಿಗೆ ಇದೇ ಮದ್ದು. ಮನೋಬಲದ ಅಬ್ರಾ ಸಿಗುವುದೂ ಇಲ್ಲೇ. ಅದು ಎದುರಾದ ಮೊದಲ ಗಳಿಗೆಯಲ್ಲೇ ಮಾಯವಾಗುತ್ತದೆ. ಹಾಗಾಗಿ ಹೊಡೆಯಲು ಹೋಗದೆ ನೇರವಾಗಿ ಬಾಲ್ ಎಸೆಯಿರಿ. ಲೆವೆಲ್ 16ಕ್ಕೆ ಕಡಾಬ್ರಾ ಆದ ಮೇಲೆ ನೋಡಿ ಅದರ ಆರ್ಭಟ.

ದಾರಿಯ ಕೊನೆಯಲ್ಲಿ ಬಿಲ್ ಎಂಬಾತನ ಮನೆ. ಅವನಿಗೆ ಸಹಾಯ ಮಾಡಿದರೆ ಹಡಗಿನ ಟಿಕೆಟ್ ಕೊಡುತ್ತಾನೆ. ಇಷ್ಟೂ ಆಗುವ ಹೊತ್ತಿಗೆ ತಂಡ ಲೆವೆಲ್ 20ರ ಸುತ್ತಮುತ್ತ ಇರುತ್ತದೆ. ಈಗ ಮಿಸ್ಟಿ ಹತ್ತಿರ ಹೋಗಿ.

ಹಂತ 5: ಹಡಗು ಮತ್ತು ಲೆಫ್ಟಿನೆಂಟ್ ಸರ್ಜ್

ಸೆರುಲಿಯನ್‌ನಲ್ಲಿ ಕಳ್ಳತನವಾದ ಮನೆಯೊಳಗಿಂದ ಹಿತ್ತಲಿಗೆ ಹೋಗಿ ಕಳ್ಳನನ್ನು ಸೋಲಿಸಿ. ಡಿಗ್ ಕಲಿಸುವ ಯಂತ್ರ ಸಿಗುತ್ತದೆ. ಇಂಥ ಯಂತ್ರಗಳನ್ನು ಒಂದೇ ಸಲ ಬಳಸಬಹುದು. ಡಿಗ್ ತುಂಬಾ ಬಲವಾದದ್ದು. ಗುಹೆಯಿಂದ ಹೊರಬರಲೂ ಆಗುತ್ತದೆ. ಆಮೇಲೆ ದಕ್ಷಿಣಕ್ಕೆ, ನೆಲದಡಿಯ ದಾರಿಯಿಂದ ವರ್ಮಿಲಿಯನ್ ಬಂದರಿಗೆ.

ಎಸ್.ಎಸ್. ಆ್ಯನ್ ಹಡಗಿನಲ್ಲಿ ಕ್ಯಾಪ್ಟನ್ ಕೊಡುವ ಕಟ್ ಬೇಕೇ ಬೇಕು, ದಾರಿಗೆ ಅಡ್ಡ ಇರುವ ಗಿಡ ಕಡಿಯಲು. ಅದನ್ನು ಪಡೆದು ಇಳಿದರೆ ಹಡಗು ಹೊರಟುಹೋಗುತ್ತದೆ, ಮತ್ತೆ ಬರುವುದಿಲ್ಲ. ಆದ್ದರಿಂದ ಎಲ್ಲ ಕೋಣೆಗಳನ್ನೂ ಸುತ್ತಿದ ಮೇಲೇ ಇಳಿಯಿರಿ. ಇನ್ನೊಂದು ಮುಖ್ಯ ವಿಷಯ. ಕಟ್, ಫ್ಲ್ಯಾಶ್ ತರಹದ ದಾರಿ ಬಿಡಿಸುವ ವಿದ್ಯೆ ಕಲಿಸಿದರೆ ಈ ಗೇಮ್‌ನಲ್ಲಿ ಮರೆಸಲು ಆಗುವುದೇ ಇಲ್ಲ. ಒಂದಕ್ಕೆ ನಾಲ್ಕೇ ವಿದ್ಯೆ. ಮುಖ್ಯ ಪೋಕೆಮಾನ್‌ಗೆ ಕಟ್ ಕಲಿಸಿ ಜಾಗ ಹಾಳು ಮಾಡಬೇಡಿ. ಆಡಿಶ್, ಬೆಲ್‌ಸ್ಪ್ರೌಟ್‌ಗೆ ಕಲಿಸಿ. ನೀರು ದಾಟಿಸುವ ಸರ್ಫ್ ಮಾತ್ರ ಯೋಚಿಸದೆ ಒಳ್ಳೆಯ ನೀರಿನ ಪೋಕೆಮಾನ್‌ಗೇ ಕಲಿಸಿ, ಹೊಡೆಯಲೂ ಅದು ಗಟ್ಟಿ.

ವರ್ಮಿಲಿಯನ್ ಜಿಮ್‌ನ ಸರ್ಜ್ ವಿದ್ಯುತ್ತಿನವನು. ಪೂರ್ವಕ್ಕೆ ರೂಟ್ 11ರ ಪಕ್ಕದ ಗುಹೆಯಲ್ಲಿ ಮಣ್ಣಿನ ಡಿಗ್ಲೆಟ್ ಬೇಕಾದಷ್ಟು ಸಿಗುತ್ತವೆ. ಒಂದನ್ನು ಹಿಡಿದರೆ ಅವನ ವಿದ್ಯುತ್ ಅದಕ್ಕೆ ತಾಗುವುದೇ ಇಲ್ಲ. ಕಷ್ಟವಿರುವುದು ಒಳಗಿನ ಕಸದ ಡಬ್ಬಿಗಳಲ್ಲಿ ಅಡಗಿದ ಎರಡು ಸ್ವಿಚ್ ಹುಡುಕುವುದರಲ್ಲಿ. ಮೊದಲನೆಯದು ಸಿಕ್ಕರೆ ಎರಡನೆಯದು ಅದರ ಪಕ್ಕದ ಡಬ್ಬಿಗಳಲ್ಲೇ ಇರುತ್ತದೆ. ತಪ್ಪಿದರೆ ಮತ್ತೆ ಮೊದಲಿಂದ.

ಊರು ಬಿಡುವ ಮುನ್ನ ಫ್ಯಾನ್ ಕ್ಲಬ್‌ನ ಅಧ್ಯಕ್ಷರ ಮಾತು ಪೂರ್ತಿ ಕೇಳಿ. ಸೈಕಲ್ಲಿನ ವೋಚರ್ ಕೊಡುತ್ತಾರೆ. ಸೆರುಲಿಯನ್ ಅಂಗಡಿಯಲ್ಲಿ ಸೈಕಲ್ ಬೆಲೆ ಹತ್ತು ಲಕ್ಷ, ನಿಮ್ಮಿಂದ ಕೊಳ್ಳಲಾಗದು, ಈ ವೋಚರ್ ಕೊಟ್ಟೇ ಪಡೆಯಬೇಕು.

ಇಲ್ಲಿಂದ ಮುಂದೆ

ಹತ್ತು ಬಗೆಯ ಪೋಕೆಮಾನ್ ಹಿಡಿದಿದ್ದರೆ ರೂಟ್ 2ರಲ್ಲಿ ಓಕ್ ಅವರ ಸಹಾಯಕ ಫ್ಲ್ಯಾಶ್ ಕೊಡುತ್ತಾನೆ. ಡಿಗ್ಲೆಟ್ ಗುಹೆ ದಾಟಿ ಗಿಡ ಕಡಿದು ಹೋಗಿ. ಅದಿಲ್ಲದೆ ರಾಕ್ ಟನೆಲ್ ಪೂರ್ತಿ ಕತ್ತಲು. ಟನೆಲ್ ಆಚೆ ಲ್ಯಾವೆಂಡರ್ ಟೌನ್. ಅಲ್ಲಿನ ಗೋಪುರದ ದೆವ್ವಗಳು ಈಗ ಮೇಲೆ ಹತ್ತಲು ಬಿಡುವುದಿಲ್ಲ. ಸೆಲಡಾನ್ ಸಿಟಿಗೆ ಹೋಗಿ, ಗೇಮ್ ಕಾರ್ನರ್‌ನ ಪೋಸ್ಟರ್ ಹಿಂದಿನ ಸ್ವಿಚ್ ಒತ್ತಿ, ನೆಲದಡಿಯ ಕಳ್ಳರ ಅಡ್ಡೆಯಿಂದ ದೆವ್ವಗಳ ಗುರುತು ಹಿಡಿಯುವ ಸಿಲ್ಫ್ ಸ್ಕೋಪ್ ತನ್ನಿ. ಆಮೇಲೆ ಗೋಪುರದ ತುದಿಯಲ್ಲಿ ಮಿಸ್ಟರ್ ಫುಜಿಯನ್ನು ಬಿಡಿಸಿದರೆ ಪೋಕೆ ಫ್ಲೂಟ್ ಸಿಗುತ್ತದೆ. ದಾರಿಗೆ ಅಡ್ಡ ಮಲಗಿದ ಸ್ನಾರ್‌ಲ್ಯಾಕ್ಸ್ ಏಳುವುದು ಆ ಕೊಳಲಿನ ದನಿಗೆ. ಎಬ್ಬಿಸುವ ಮೊದಲು ಸೇವ್ ಮಾಡಿ, ಎದ್ದ ಮೇಲೆ ಹಿಡಿಯಿರಿ.

ಸೆಲಡಾನ್‌ನ ದೊಡ್ಡ ಅಂಗಡಿಯ ತಾರಸಿಯಲ್ಲಿ ಬಾಯಾರಿದ ಹುಡುಗಿಯೊಬ್ಬಳಿದ್ದಾಳೆ. ಅಲ್ಲೇ ಇರುವ ಯಂತ್ರದಿಂದ ನೀರು ಕೊಂಡು ಕೊಡಿ, ಐಸ್ ಬೀಮ್ ಕೊಡುತ್ತಾಳೆ. ಕೊನೆಯಲ್ಲಿ ಡ್ರ್ಯಾಗನ್‌ಗಳ ಎದುರು ನಿಮ್ಮನ್ನು ಕಾಪಾಡುವುದು ಅದೇ. ಸ್ಯಾಫ್ರನ್ ಸಿಟಿಯ ಕಾವಲುಗಾರರಿಗೂ ಅದೇ ನೀರು ಕೊಟ್ಟರೆ ದಾರಿ ಬಿಡುತ್ತಾರೆ. ಸೆಲಡಾನ್‌ನ ಮ್ಯಾನ್ಷನ್ ಕಟ್ಟಡದ ಹಿಂಬಾಗಿಲಿಂದ ಮೇಲೆ ಹತ್ತಿದರೆ ಈವೀ ಎಂಬ ಪೋಕೆಮಾನ್ ಕಾದಿದೆ. ಸ್ಯಾಫ್ರನ್‌ನ ಸಿಲ್ಫ್ ಕಂಪನಿಯಲ್ಲಿ ಮಾಸ್ಟರ್ ಬಾಲ್ ಸಿಗುತ್ತದೆ. ಎಸೆದರೆ ತಪ್ಪುವುದೇ ಇಲ್ಲ, ಆದರೆ ಇರುವುದು ಒಂದೇ. ಫುಶಿಯಾದ ಸಫಾರಿ ಝೋನ್‌ನಲ್ಲಿ 500 ಕೊಟ್ಟರೆ 30 ಬಾಲ್. ಸರ್ಫ್ ಸಿಗುವುದು ಅದರ ತುದಿಯ ಮನೆಯಲ್ಲಿ.

ಎಂಟು ಬ್ಯಾಡ್ಜ್ ಆದ ಮೇಲೆ ಕೊನೆಯ ಕಣ, ಇಂಡಿಗೊ ಪ್ಲಾಟೊ. ಲೊರೆಲಿ, ಬ್ರೂನೊ, ಅಗಾಥಾ, ಲ್ಯಾನ್ಸ್ ಒಬ್ಬರಾದ ಮೇಲೆ ಒಬ್ಬರು, ಕೊನೆಗೆ ಚಾಂಪಿಯನ್. ಮಧ್ಯೆ ಸೆಂಟರ್ ಇಲ್ಲ. ಸೋತರೆ ಮತ್ತೆ ಲೊರೆಲಿಯಿಂದಲೇ. ತಂಡ ಲೆವೆಲ್ 50 ದಾಟಿರಲಿ. ಫುಲ್ ರಿಸ್ಟೋರ್ ಮತ್ತು ರಿವೈವ್‌ಗೆ ಇರುವ ಹಣವನ್ನೆಲ್ಲ ಸುರಿಯಿರಿ, ಇನ್ನು ಉಳಿಸಿ ಮಾಡುವುದೇನಿಲ್ಲ. ಲೊರೆಲಿಗೆ ವಿದ್ಯುತ್, ಬ್ರೂನೊಗೆ ನೀರು ಮತ್ತು ಮನೋಬಲ, ಅಗಾಥಾಗೆ ಮನೋಬಲ ಮತ್ತು ಮಣ್ಣು, ಲ್ಯಾನ್ಸ್‌ಗೆ ಹಿಮ. ಲ್ಯಾನ್ಸ್‌ನ ಗ್ಯಾರಡಾಸ್‌ಗೆ ಮಾತ್ರ ವಿದ್ಯುತ್.

ಗೆದ್ದ ಮೇಲೆ ಸೆರುಲಿಯನ್ ಗುಹೆ ತೆರೆಯುತ್ತದೆ. ಒಳಗೆ ಲೆವೆಲ್ 70ರ ಮ್ಯೂಟೂ. ಮಾಸ್ಟರ್ ಬಾಲ್ ಉಳಿಸಿಕೊಂಡಿದ್ದರೆ ಇಲ್ಲಿ ಎಸೆಯಿರಿ. ಕಡಾಬ್ರಾ, ಹಾಂಟರ್, ಗ್ರಾವೆಲರ್, ಮಚೋಕ್ ಈ ನಾಲ್ಕೂ ಕೇಬಲ್‌ನಲ್ಲಿ ಇನ್ನೊಬ್ಬರಿಗೆ ಕಳಿಸಿದಾಗ ಮಾತ್ರ ಕೊನೆಯ ರೂಪಕ್ಕೆ ಬರುತ್ತವೆ. ಗೆಳೆಯರ ಹತ್ತಿರ ಇನ್ನೊಂದು ಬಣ್ಣದ ಕಾರ್ಟ್ರಿಡ್ಜ್ ಇದ್ದರೆ ಕಳಿಸಿ, ಮತ್ತೆ ವಾಪಸ್ ತೆಗೆದುಕೊಳ್ಳಿ. ಬೇರೆ ಪೋಕೆಮಾನ್ ಆರಿಸಿ ಹೊಸದಾಗಿ ಶುರು ಮಾಡುವ ಮನಸ್ಸಾದರೆ, ಉಳಿಸಿಕೊಳ್ಳಬೇಕಾದವನ್ನು ಮೊದಲು ಗೆಳೆಯರಿಗೆ ಕಳಿಸಿಡಿ. ಹೊಸ ಆಟ ಸೇವ್ ಆದ ಕೂಡಲೇ ಹಳೆಯ ತಂಡ ಅಳಿಸಿಹೋಗುತ್ತದೆ. ಗೆಳೆಯರ ಕಾರ್ಟ್ರಿಡ್ಜ್‌ಗೆ ಕಳಿಸಿಟ್ಟವು ಮಾತ್ರ ಉಳಿಯುತ್ತವೆ.